ತಟ್ಟೆ ತೊಳೆದು ಕುಡಿದ ನೀರು

ನಜರ್‌ಬಾದಿನ ನಮ್ಮ ಮನೆಯಲ್ಲಿ ಹಿಟ್ಟು ಇಲ್ಲದ ಜಾಗವಿರಲಿಲ್ಲ. ಮುಂದೆ ಗಿರಣಿ, ಹಿಂದೆ ನಾವು. ಬೆಳಿಗ್ಗೆ ಅಪ್ಪ ಸ್ವಿಚ್ಚು ಹಾಕಿ ಬೆಲ್ಟು ತಿರುಗಿದ ಕೂಡಲೇ ನಡುಗೋಡೆ ಅದುರಲು ಶುರುವಾಗುತ್ತಿತ್ತು. ಅದು ನಿಲ್ಲುತ್ತಿದ್ದದ್ದು ಕರೆಂಟು ಹೋದಾಗ ಅಥವಾ ಅಪ್ಪ ಊಟಕ್ಕೆ ಎದ್ದಾಗ. ನನ್ನ ಪುಸ್ತಕದ ಹಾಳೆಗಳ ನಡುವೆ, ಅವ್ವನ ಹುಬ್ಬಿನ ಮೇಲೆ, ಒಗೆದು ಹರವಿದ ಲಂಗದ ನೆರಿಗೆಯಲ್ಲಿ, ಎಲ್ಲೆಲ್ಲೂ ಹಿಟ್ಟು. ಶಾಲೆಯಲ್ಲಿ ಪಕ್ಕ ಕೂತವರು ನನ್ನ ಜಡೆ ಕೊಡವಿ 'ಏನೇ, ಈಗಲೇ ಮುಪ್ಪು ಬಂತಾ' ಅನ್ನುತ್ತಿದ್ದರು. ಇಡೀ ಬೀದಿಯ ರಾಗಿ, ಅಕ್ಕಿ, ಗೋಧಿ ನಮ್ಮ ಬಾಗಿಲಲ್ಲೇ ಹಿಟ್ಟಾಗಿ ಹೋಗುತ್ತಿತ್ತು. ಅಂಥ ಮನೆಯಲ್ಲಿ ನನ್ನ ತಂಗಿ ದಾಕ್ಷಿ ಉಣ್ಣದೆ ಸತ್ತಳು. ಜನಕ್ಕೆ ನಾವು ಹೇಳಿದ್ದು ಹಾರ್ಟು ನಿಂತಿತು ಅಂತ. ಅದು ಸುಳ್ಳಲ್ಲ. ಹಾರ್ಟು ಯಾಕೆ ನಿಂತಿತು ಅನ್ನುವುದನ್ನು ಹೇಳಬೇಕಾದರೆ ಮಾತ್ರ ನಮ್ಮ ಅಡುಗೆಮನೆಯಿಂದ ಶುರು ಮಾಡಬೇಕು. ಅದನ್ನು ಹೇಳಬೇಕಾದವಳು ನಾನೇ. ಹೇಳಬೇಕಾದ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಕೇಳಿದ್ದರು. ಆವತ್ತು ನಾನು ಹೇಳಲಿಲ್ಲ.

ಅಡುಗೆಮನೆಗೆ ಉದ್ದ ಇತ್ತು, ಅಗಲ ಇರಲಿಲ್ಲ. ಒಂದು ಗೋಡೆಗೆ ಒಲೆ. ಎದುರು ಗೋಡೆಗೆ ನಾವು ಬೆನ್ನು ಕೊಟ್ಟು ಸಾಲಾಗಿ ಕೂತರೆ ಅವ್ವ ನಮ್ಮ ಮೊಣಕಾಲು ದಾಟಿಕೊಂಡೇ ಬಡಿಸಬೇಕು. ಊಟಕ್ಕೆ ಮುಂಚೆ ಎಲ್ಲರದೂ ಲಿಂಗಪೂಜೆ ಆಗಿರಬೇಕು, ಹಣೆಯಲ್ಲಿ ವಿಭೂತಿ ಇರಬೇಕು. ಕೂತಮೇಲೆ ತಟ್ಟೆಗೆ ಬಿದ್ದದ್ದು ಬರೀ ಅನ್ನವಲ್ಲ, ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ. ಉಂಡು ಮುಗಿದ ಮೇಲೆ ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಎತ್ತಿ ಕುಡಿಯಬೇಕು. ಅಪ್ಪ ಇದನ್ನು ಕಲಿತದ್ದು ಮಠದಲ್ಲಿ. ನಂಜನಗೂಡಿನ ಕಡೆಯ ಹಳ್ಳಿಯಿಂದ ಎಂಟು ವರ್ಷಕ್ಕೇ ಮಠಕ್ಕೆ ಬಂದು ಸೇರಿಕೊಂಡವನು ಅವನು. ಓದಲಿಕ್ಕೆಂದು ಬಂದದ್ದಲ್ಲ, ಎರಡು ಹೊತ್ತು ಪ್ರಸಾದ ಸಿಗುತ್ತದೆಂದು ಬಂದದ್ದು. ನಾಲ್ಕನೇ ಕ್ಲಾಸಿಗೆ ಓದು ನಿಂತಿತು, ತಟ್ಟೆ ತೊಳೆದು ಕುಡಿಯುವುದು ನಿಲ್ಲಲಿಲ್ಲ. ಹಸಿವನ್ನು ಕಂಡವರ ಆ ಪದ್ಧತಿಯಲ್ಲಿ ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ. ಹಾಗೆ ಉಣ್ಣುವವರನ್ನು ಎಲ್ಲಿ ಕಂಡರೂ ನನಗೆ ಗೌರವ.

ತಪ್ಪು ಇದ್ದದ್ದು ಆ ನಿಯಮಕ್ಕೆ ನಮ್ಮ ಮನೆ ಸೇರಿಸಿಕೊಂಡ ಇನ್ನೊಂದು ಅರ್ಧದಲ್ಲಿ. ಅದನ್ನು ಯಾರೂ ಬಾಯಿಬಿಟ್ಟು ಕಲಿಸಲಿಲ್ಲ. ಹಾಕಿಸಿಕೊಂಡು ಬಿಡುವುದು ಪಾಪ, ಸರಿ. ಹಾಕಿಸಿಕೊಳ್ಳದೇ ಇರುವುದು? ಅದು ಪಾಪವಲ್ಲ, ಪುಣ್ಯ. ಅವ್ವನನ್ನು ನೋಡಿ ನಾವು ಕಲಿತದ್ದು ಇದನ್ನು. ಸೋಮವಾರ ಅವಳದು ಒಪ್ಪತ್ತು, ದಿನಕ್ಕೆ ಒಂದೇ ಊಟ. ಅಮಾವಾಸ್ಯೆ, ಹುಣ್ಣಿಮೆಗೆ ಅದೂ ಇಲ್ಲ. ಶ್ರಾವಣ ಬಂದರೆ ತಿಂಗಳೆಲ್ಲ ಏನೋ ಒಂದು ವ್ರತ. ಸಾರು ಕಡಿಮೆ ಬಿದ್ದ ದಿನ, ಅಪ್ಪನ ಜೊತೆ ಜಗಳವಾದ ದಿನ, ನೆಂಟರು ಹೆಚ್ಚಾದ ದಿನ, ಯಾವ ವಾರವಾದರೂ ಸರಿ, ಅವ್ವನಿಗೆ ಒಪ್ಪತ್ತು. ಬೇರೆ ಹೆಂಗಸರು ಕೋಪ ಬಂದರೆ ಪಾತ್ರೆ ಕುಕ್ಕುತ್ತಿದ್ದರು. ನಮ್ಮವ್ವ ಉಣ್ಣುತ್ತಿರಲಿಲ್ಲ. ಆರನೇ ಕ್ಲಾಸಿನವರೆಗೆ ನಾನು ಅವಳು ತಟ್ಟೆ ಮುಂದೆ ಕೂತದ್ದನ್ನು ಕಂಡ ನೆನಪೇ ಇಲ್ಲ.

"ಅವ್ವಾ, ನೀನ್ಯಾವಾಗ ಉಣ್ಣದು?"

"ನಂದಾಯ್ತು ಬುಡು."

"ಯಾವಾಗಾಯ್ತು? ನಾನಿಲ್ಲೇ ಇದ್ನಲ್ಲ?"

"ನೀವು ಉಣ್ಣದ್ ನೋಡ್ದಾಗ್ಲೇ ಹೊಟ್ಟೆ ತುಂಬ್ತು. ಎದ್ದೋಗಿ ಓದ್ಕೊ, ಲಾಯರಿಣಿ."

ಅಪ್ಪನ ಅಕ್ಕ ಮಹದೇವಮ್ಮತ್ತೆ ಉದಯಗಿರಿಯಿಂದ ವಾರಕ್ಕೊಮ್ಮೆ ರಾಗಿ ಬೀಸಿಸಲು ಬರುತ್ತಿದ್ದಳು. ಬೀಸುವುದು ಅರ್ಧ ಗಂಟೆ, ಕೂತು ಮಾತಾಡುವುದು ಮಧ್ಯಾಹ್ನದವರೆಗೆ. ಮಾತು ಒರಟು, ಕೈ ಧಾರಾಳ. ಅವಳು ಅವ್ವನ ಸೊಂಟ ನೋಡಿ ಎಲ್ಲರಿಗೂ ಕೇಳುವಂತೆ ಹೇಳುವಳು:

"ಎರಡು ಹೆತ್ರೂ ನೋಡ್ರವ್ವ, ಹೆಂಗವ್ಳೆ ನಮ್ ತಮ್ಮನ್ ಹೆಂಡ್ತಿ! ಗಾಳಿ ಕುಡ್ಕಂಡೇ ಬದುಕ್ತಾಳೆ. ನಾನೂ ಇವ್ನಿ, ಒಂದಿನ ಉಪಾಸ ಅಂದ್ರೆ ಬೆಳಗ್ಗೇನೇ ತಲೆ ತಿರುಗ್ತದೆ."

ಅವ್ವ ತಲೆ ತಗ್ಗಿಸಿ ನಗುವಳು. ಅವಳನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಇದೊಂದಕ್ಕೇ. ಅವಳ ಅಡುಗೆಗೂ ಇಲ್ಲ, ದುಡಿಮೆಗೂ ಇಲ್ಲ. ಉಣ್ಣದೆ ಇರುವುದಕ್ಕೆ.

ಅಪ್ಪ ಇದಕ್ಕೆ ತೀರ ವಿರುದ್ಧ. ಅವನಿಗೆ ಪ್ರೀತಿ ಅಂದರೆ ಬಡಿಸುವುದು. ಸಾಕು ಅನ್ನುವ ಮುಂಚೆ ಅವನ ಕೈಯಿಂದ ಇನ್ನೊಂದು ಅರ್ಧ ಮುದ್ದೆ ತಟ್ಟೆಗೆ ಬಿದ್ದಿರುತ್ತಿತ್ತು. ಬಿದ್ದದ್ದನ್ನು ಬಿಡುವಂತಿಲ್ಲವಲ್ಲ, ಗಂಟಲಿನವರೆಗೆ ಬಂದರೂ ನುಂಗಬೇಕು, ಮೇಲೆ ತಟ್ಟೆ ತೊಳೆದ ನೀರು ಬೇರೆ. ಒಮ್ಮೆ ನಾನು ಅರ್ಧ ಮುದ್ದೆ ಉಳಿಸಿದ್ದಕ್ಕೆ ಗಿರಣಿ ನಿಲ್ಲಿಸಿ ಬಂದು, ನಾನು ಮುಗಿಸುವವರೆಗೆ ಎದುರಿಗೆ ಕೂತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ನೋಡುತ್ತಿದ್ದ. ಆ ನೋಟಕ್ಕಿಂತ ಏಟು ವಾಸಿ. ಹೀಗೆ ನಮ್ಮ ಮನೆಯಲ್ಲಿ ಹಸಿವಾದಾಗ ಉಣ್ಣುವುದು, ತುಂಬಿದಾಗ ನಿಲ್ಲಿಸುವುದು ಎರಡೂ ಇರಲಿಲ್ಲ. ಒಂದೋ ಅಪ್ಪನಿಗಾಗಿ ಉಣ್ಣಬೇಕು, ಇಲ್ಲ ಅವ್ವನಂತೆ ಬಿಡಬೇಕು. ನಾನು ಅವ್ವನ ಮಗಳಾದೆ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ದಾಕ್ಷಿ ಅಪ್ಪನ ಮಗಳು.

ದಾಕ್ಷಿ ತಿನ್ನುವುದನ್ನು ನೋಡುವುದೇ ಒಂದು ಚೆಂದವಾಗಿತ್ತು. ಗೌರಿಹಬ್ಬದ ಮುಂಚಿನ ವಾರ ತಂಬಿಟ್ಟಿಗೆಂದು ಬೀದಿಯವರೆಲ್ಲ ಹುರಿಗಡಲೆ ತರುತ್ತಿದ್ದರು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಬುಸಬುಸನೆ ಇಳಿಯುವಾಗ ಅವಳು ಅದರ ಕೆಳಗೆ ಅಂಗೈ ಹಿಡಿದು, ಬಿಸಿಹಿಟ್ಟನ್ನು ಊದಿ ಊದಿ ಬಾಯಿಗೆ ಹಾಕಿಕೊಳ್ಳುವಳು. ಮೂಗು, ಗಲ್ಲ, ರೆಪ್ಪೆ ಎಲ್ಲ ಬಿಳಿ. ಗಿರಾಕಿಗಳು ನಕ್ಕು 'ಇನ್ನೊಂದು ಹಿಡಿ ತಗೊ ಕಂದ' ಅನ್ನುವರು. ಡಬ್ಬಿಯಲ್ಲಿಟ್ಟ ಅದೇ ಹಿಟ್ಟನ್ನು ಆಮೇಲೆ ಕೊಟ್ಟರೆ ಬೇಡ.

"ಆರೋದ್ರೆ ಬರೀ ಹಿಟ್ಟು ಕಣಕ್ಕ. ಬಿಸಿ ಇದ್ರೇನೇ ತಿಂಡಿ."

ಗಿರಣಿಯಲ್ಲಿ ತೊಲೆಗೆ ಸರಪಳಿಯಿಂದ ತೂಗುಹಾಕಿದ ದೊಡ್ಡ ತಕ್ಕಡಿ ಇತ್ತು. ಆಯುಧಪೂಜೆಯ ದಿನ ಬೆಲ್ಟು, ಮೋಟರು, ತಕ್ಕಡಿ ಎಲ್ಲಕ್ಕೂ ಪೂಜೆ. ಪೂಜೆಯಾದ ತಕ್ಕಡಿ ಬರಿದಾಗಿ ತೂಗಾಡಬಾರದೆಂದು ಅಪ್ಪನೇ ಒಂದು ಪದ್ಧತಿ ಮಾಡಿಕೊಂಡಿದ್ದ: ಮನೆಯ ಚಿಕ್ಕ ಮಗಳನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದಕ್ಕೆ ತೂಕದ ಕಲ್ಲು ಇಟ್ಟು, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚಾಯಿತೆಂದು ಬೀದಿಗೆ ಕೇಳುವಂತೆ ಕೂಗುವುದು. 'ನಮ್ ಲಕ್ಷ್ಮಿ ಬೆಳೆದವ್ಳೆ!' ಅಂತ. ಬಂದವರಿಗೆಲ್ಲ ಕಡಲೆಪುರಿ. ಹೊಟ್ಟೆಗಿಲ್ಲದೆ ಬೆಳೆದವನಿಗೆ ಮಗಳ ತೂಕ ಹೆಚ್ಚುವುದಕ್ಕಿಂತ ದೊಡ್ಡ ಹಬ್ಬ ಇನ್ನೇನು? ದಾಕ್ಷಿಯೂ ಕಾಲು ಆಡಿಸಿಕೊಂಡು ರಾಣಿಯಂತೆ ಕೂರುತ್ತಿದ್ದಳು. ಅವಳು ಏಳನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ತಾನು ಕೂರುವುದಿಲ್ಲ ಅಂದಳು. ಓರಗೆಯ ಹುಡುಗಿಯರಿಗಿಂತ ಮೊದಲೇ ಮೈನೆರೆದು, ಮೈಕೈ ತುಂಬಿಕೊಂಡು, ದಾವಣಿಯನ್ನು ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದ ಕಾಲ ಅದು. ಅಪ್ಪನಿಗೆ ಅದೆಲ್ಲ ಎಲ್ಲಿ ತಿಳಿಯಬೇಕು?

"ಯಾಕವ್ವ, ವರ್ಷೊರ್ಷ ಕೂರ್ತಿರ್ನಿಲ್ವ? ಪೂಜೆ ಮಾಡಿದ್ ತಕ್ಕಡಿ ಕಣವ್ವ. ಬೇಡ ಅನ್ಬಾರ್ದು."

ಕೂತಳು. ತಟ್ಟೆ ನೆಲಕ್ಕೆ ತಾಗಿತು. ಅಪ್ಪ ಇದ್ದ ಕಲ್ಲನ್ನೆಲ್ಲ ಇಟ್ಟ, ಮೇಲೇಳಲಿಲ್ಲ. ಕಲ್ಲು ಮುಗಿಯಿತು. ಆಮೇಲೆ ಕಲ್ಲೆಲ್ಲ ತೆಗೆದು, ಮೂಲೆಯಲ್ಲಿದ್ದ ಯಾರದೋ ರಾಗಿಮೂಟೆಯನ್ನು ಎತ್ತಿ ಇಟ್ಟ. ತಕ್ಕಡಿ ಅಲ್ಲಾಡಿ ಅಲ್ಲಾಡಿ ಸಮನಾಗಿ ನಿಂತಿತು. ಕಡಲೆಪುರಿಗೆ ಬಂದ ಬೀದಿಯ ಜನ, ನೆಂಟರು, ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಎಲ್ಲ ನಿಂತಿದ್ದರು. ಅವರ ಮುಂದೆ ಚುರುಕು ಅನ್ನಿಸಿಕೊಳ್ಳಬೇಕೆಂಬ ಚಪಲ ನನಗೆ.

"ಮೂಟೆಗೆ ಮೂಟೆ ಸರಿಹೋಯ್ತು!"

ಎಲ್ಲರೂ ನಕ್ಕರು. ಮಹದೇವಮ್ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ನಕ್ಕ, ಅವನ ನಗುವಿನಲ್ಲಿ ಹೆಮ್ಮೆಯಿತ್ತು. ದಾಕ್ಷಿ ಸರಪಳಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮೂಟೆ ಅನ್ನುವ ಹೆಸರು ನಿಂತದ್ದು ಆವತ್ತು. ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ಹೋಯಿತು. ಹೆಸರಿಟ್ಟವಳು ನಾನು. ಆ ಮುಂದಿನ ಆಯುಧಪೂಜೆಗೆ ಅಪ್ಪ ತಕ್ಕಡಿಗೆ ಕುಂಬಳಕಾಯಿ ಇಟ್ಟ.

ಇನ್ನು ನನ್ನ ವಿಷಯ. ಬಿ.ಎ. ಮುಗಿಸಿ ಬಿ.ಎಡ್. ಮಾಡಿದವಳು ನಾನು. ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಪದವಿ ಪಡೆದ ಮೊದಲನೆಯವಳು, ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಿಲ್ಲ. ಅದನ್ನು ಯಾರೂ ನನಗೆ ಕೊಡಲಿಲ್ಲ. ಗಿರಣಿಯ ಸದ್ದಿನಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ರಾಗಿಮೂಟೆಗಳ ಮೇಲೆ ಕೂತು ಓದಿ ಗಿಟ್ಟಿಸಿಕೊಂಡದ್ದು. ಎಸ್ಸೆಸ್ಸೆಲ್ಸಿ ವರ್ಷ ಅವ್ವ ಹೇಳಿದಳೆಂದು ಸೋಮವಾರದ ಒಪ್ಪತ್ತು ಹಿಡಿದೆ. ಪರೀಕ್ಷೆ ಹತ್ತಿರ ಬಂದಂತೆ ಗುರುವಾರ ಸೇರಿತು, ಶನಿವಾರ ಸೇರಿತು. ಫಸ್ಟ್ ಕ್ಲಾಸ್ ಬಂತು. ನಮ್ಮ ಮನೆಯಲ್ಲಿ ಆ ಎರಡು ಶಬ್ದ ಅದೇ ಮೊದಲು ಕೇಳಿಸಿದ್ದು. ಅಪ್ಪ ಗಿರಣಿಗೆ ಬಂದವರಿಗೆಲ್ಲ ಹೇಳಿದ: 'ಉಪಾಸ ಇದ್ದು ಓದಿದ್ಲು ಕಣ್ರೀ, ಶಿವ ಕಣ್ಬುಟ್ಟ.' ಯಾರೂ ಮೂಟೆಗಳ ಮೇಲೆ ಕೂತು ಓದಿದ್ದನ್ನು ಹೇಳಲಿಲ್ಲ. ಪಿ.ಯು.ಸಿ.ಗೂ ಹಾಗೇ ಮಾಡಿದೆ, ಡಿಗ್ರಿಯ ಮೊದಲ ವರ್ಷಕ್ಕೂ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಇತಿಹಾಸದ ಪುಸ್ತಕ ತೆರೆದರೆ ನನಗೆ ಕಾಣುತ್ತಿದ್ದದ್ದು ಉಪ್ಪಿಟ್ಟು. ಬಿಸಿಲಲ್ಲೂ ಕೈಬೆರಳು ತಣ್ಣಗೆ. ಬಾಚಣಿಗೆ ತುಂಬ ಕೂದಲು. ಕಾಲೇಜಿನ ಮೆಟ್ಟಿಲಲ್ಲಿ ಎರಡು ಸಲ ಕಣ್ಣು ಕತ್ತಲಿಟ್ಟು ಕೂತೆ. ಇದೊಂದನ್ನೂ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಪುಣ್ಯ ಕಡಿಮೆಯಾಗುತ್ತದಲ್ಲ. ಕೊನೆಗೆ ಗೆಳತಿಯೊಬ್ಬಳು ದಿನಾ ಮಧ್ಯಾಹ್ನ ತನ್ನ ಡಬ್ಬಿಯ ಮುಂದೆ ನನ್ನನ್ನು ಕೂರಿಸಿಕೊಂಡು, ಬೈದು ಬೈದು ತಿನ್ನಿಸಿದ್ದರಿಂದ ಆ ಚಾಳಿ ಬಿಟ್ಟಿತು. ನಾನು ಪಾಸಾದದ್ದು ಉಪವಾಸದಿಂದಲ್ಲ, ಉಪವಾಸ ಮಾಡಿಯೂ ಪಾಸಾದೆ ಅಷ್ಟೆ. ಈ ವ್ಯತ್ಯಾಸವನ್ನು ನಾನು ಒಬ್ಬಳಿಗೆ ಹೇಳಬೇಕಿತ್ತು. ಅವಳು ಅದೇ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು.

ದಾಕ್ಷಿಗೆ ಓದು ಹತ್ತುತ್ತಿರಲಿಲ್ಲ. ಚಿತ್ರ ಚೆನ್ನಾಗಿ ಬರೆಯುವಳು, ಎಲ್ಲರ ದನಿ ಅನುಕರಿಸುವಳು, ಮಹದೇವಮ್ಮತ್ತೆ ನಡೆಯುವಂತೆ ನಡೆದು ತೋರಿಸಿ ಅವ್ವನನ್ನೂ ನಗಿಸುವಳು. ಅದಕ್ಕೆಲ್ಲ ಮಾರ್ಕ್ಸ್ ಇಲ್ಲ. ಪ್ರತಿ ಸಲ ಮಾರ್ಕ್ಸ್ ಕಾರ್ಡ್ ಬಂದಾಗ ಅಪ್ಪನ ಬಾಯಲ್ಲಿ ಒಂದೇ ಮಾತು: 'ಅಕ್ಕನ್ನ ನೋಡಿ ಕಲಿ.' ಎಸ್ಸೆಸ್ಸೆಲ್ಸಿಯಲ್ಲಿ ಅವಳು ಗಣಿತದಲ್ಲಿ ನಪಾಸಾದಳು. ಆ ಬೇಸಿಗೆಯಲ್ಲಿ ಅಕ್ಕನನ್ನು ನೋಡಿ ಕಲಿತಳು. ಮೊದಲು ಸೋಮವಾರ, ಆಮೇಲೆ ಗುರುವಾರ, ಶನಿವಾರ. ನಾನು ಹತ್ತಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತಿದಳು. ನನಗೆ ಅದು ಕಂಡಿತು. ಕಂಡು, ಒಳಗೊಳಗೇ ಹೆಮ್ಮೆಪಟ್ಟೆ. ಅಕ್ಟೋಬರಿನಲ್ಲಿ ಗಣಿತ ಪಾಸಾಯಿತು. ಇನ್ನೇನು ಬೇಕು? ಮನೆಯವರಿಗೆಲ್ಲ ಲೆಕ್ಕ ಸರಿಹೋಯಿತು.

ಅದೇ ಕಾಲಕ್ಕೆ ಮನೆಗೆ ಬಣ್ಣದ ಟಿ.ವಿ. ಬಂದಿತ್ತು, ಕೇಬಲ್ಲು ಬಂದಿತ್ತು, ಕಡ್ಡಿಯಂಥ ಹುಡುಗಿಯರು ಕಿರೀಟ ಇಟ್ಟುಕೊಂಡು ಅಳುವುದನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು. ಈಗಲೂ ಜನ ಎಲ್ಲದಕ್ಕೂ ಟಿ.ವಿ.ಯನ್ನು ದೂರುತ್ತಾರೆ. ನಾನು ದೂರುವುದಿಲ್ಲ. ಟಿ.ವಿ.ಯ ಹುಡುಗಿಯರು ಯಾರೂ ಅವಳನ್ನು ಮೂಟೆ ಅಂತ ಕರೆದಿರಲಿಲ್ಲ.

ದಾಕ್ಷಿ ಇಳಿಯುತ್ತ ಬಂದಂತೆ ಮನೆಯಲ್ಲಿ ಅವಳ ಬೆಲೆ ಏರಿತು. ಬೀದಿಯ ಹೆಂಗಸರು ಏನು ತಿಂತೀಯಮ್ಮ ಅಂತ ಕೇಳಿದರು. ಮಹದೇವಮ್ಮತ್ತೆ ಗಲ್ಲ ಹಿಡಿದು ತಿರುಗಿಸಿ ನೋಡಿದಳು.

"ಏನಮ್ಮೀ! ಮೂಟೆ ಎಲ್ಲೋಯ್ತು? ಈಗ ನೋಡು, ಹೆಣ್ಣಂಗ್ ಕಾಣ್ತೀಯ. ಇಂಗೇ ಇರು, ಗಂಡು ನಾನ್ ತತ್ತೀನಿ."

ಅವ್ವ ಅವಳಿಗೆ ತನ್ನ ರೇಷ್ಮೆಸೀರೆ ಉಡಿಸಿದಳು. ಅವ್ವನ ರವಿಕೆ ದಾಕ್ಷಿಗೆ ಸರಿಹೋದ ದಿನ ಇಬ್ಬರೂ ಕನ್ನಡಿಯ ಮುಂದೆ ನಿಂತು ನಕ್ಕಿದ್ದರು. ಕೆಲವು ತಿಂಗಳಿಗೆ ಆ ರವಿಕೆಯೂ ಸಡಿಲವಾಯಿತು. ಆಗ ಯಾರೂ ನಗಲಿಲ್ಲ, ಯಾರೂ ಏನೂ ಹೇಳಲೂ ಇಲ್ಲ. ಅವಳ ಲಿಂಗಪೂಜೆ ಉದ್ದವಾಗುತ್ತ ಹೋಯಿತು. ದೇವರ ಗೂಡಿನ ಮುಂದೆ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ನಾವೆಲ್ಲ ಉಂಡು ಎದ್ದರೂ ಏಳುತ್ತಿರಲಿಲ್ಲ. ಪೂಜೆಯಿಂದ ಯಾರನ್ನೂ ಎಬ್ಬಿಸಬಾರದು. 'ಆಮೇಲೆ ಹಾಕ್ಕೋತೀನಿ ಅವ್ವ' ಅನ್ನುವಳು. ಕೂತ ದಿನ ಹಿಡಿಯಷ್ಟು ಹಾಕಿಸಿಕೊಂಡು, ಒಂದಗುಳೂ ಬಿಡದೆ ಉಂಡು, ತಟ್ಟೆ ತೊಳೆದು ನೀರು ಕುಡಿಯುವಳು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಅವನು ನೋಡುತ್ತಿದ್ದದ್ದು ಏನು ಉಳಿಯಿತು ಅಂತ, ಎಷ್ಟು ಬಿತ್ತು ಅಂತಲ್ಲ. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳತೊಡಗಿದಳು. ಯಾರ ದನಿಯನ್ನೂ ಅನುಕರಿಸದಾದಳು. ತಿಂಗಳ ಮುಟ್ಟು ನಿಂತಿತು. ಅವ್ವ ರಕ್ತ ಕಡಿಮೆ ಅಂತ ಬೀಟ್‌ರೂಟ್ ಪಲ್ಯ ಮಾಡಿದಳು. ಒಂದು ಸಂಜೆ ದಾಕ್ಷಿ ಹಿತ್ತಲ ಕಲ್ಲಿನ ಮೇಲೆ ನನ್ನ ಪಕ್ಕ ಬಂದು ಕೂತು ಕೇಳಿದಳು:

"ಅಕ್ಕ, ನಿಂಗೂ ಹಂಗಾಗ್ತಿತ್ತಾ?"

"ಹೆಂಗೆ?"

"ಉಂಡ್ರೆ... ಏನೋ ಕದ್ದಂಗೆ. ಯಾರೋ ನೋಡ್ಬುಟ್ರು ಅನ್ನಂಗೆ. ಬುಡಾಣ ಅಂದ್ರೂ ಈಗ ಬುಡಕ್ಕಾಗ್ತಿಲ್ಲ ಕಣಕ್ಕ."

ನನಗೆ ಮಾರನೆಯ ದಿನ ಪಾಠದ ಟಿಪ್ಪಣಿ ಬರೆಯಬೇಕಿತ್ತು. ಒಂದು ಖಾಸಗಿ ಶಾಲೆಯಲ್ಲಿ ಆಗ ತಾನೇ ಕೆಲಸಕ್ಕೆ ಸೇರಿದ್ದೆ. 'ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ, ಎರಡ್ ತುತ್ತು ಜಾಸ್ತಿ ತಿನ್ನು' ಅಂದೆ. ಅವಳು ಹೂಂ ಅಂದು ಎದ್ದು ಹೋದಳು. ಕಲ್ಲಿನ ಮೇಲೆ ಕೂತದ್ದಕ್ಕೆ ಅವಳ ಬೆನ್ನುಮೂಳೆ ನೋಯುತ್ತಿತ್ತೆಂದು ಕಾಣುತ್ತದೆ, ಗೋಡೆ ಹಿಡಿದುಕೊಂಡು ಎದ್ದಳು. ಹದಿನೆಂಟು ವರ್ಷ ತುಂಬಿರಲಿಲ್ಲ.

ಆ ವಾರವೇ ಬಸ್‌ಸ್ಟಾಪಿನಲ್ಲಿ ಬಿದ್ದಳು. ಆಸ್ಪತ್ರೆಗೆ ಸೇರಿಸಿದೆವು, ಗ್ಲೂಕೋಸ್ ಏರಿಸಿದರು. ಮೂರನೆಯ ದಿನ ಒಬ್ಬ ಡಾಕ್ಟರಮ್ಮ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಿರಬಹುದು, ಮನೆಯವರ ಜೊತೆ ಮಾತಾಡಬೇಕು ಅಂದರು. ಅಪ್ಪ ಅವ್ವ ಇಬ್ಬರೂ ನನ್ನ ಮುಖ ನೋಡಿದರು. 'ನೀನೋಗು ಮಗ. ನೀನು ಓದ್ದವ್ಳು.' ಹೌದು, ನಾನು ಓದಿದವಳು. ಇಸ್ತ್ರಿ ಮಾಡಿದ ಸೀರೆಯ ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವರು ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಲು ಶುರುಮಾಡಿದರು.

"ಮನೆಯಲ್ಲಿ ಬೇರೆ ಯಾರಾದ್ರೂ ಪದೇ ಪದೇ ಊಟ ಬಿಡೋ ಅಭ್ಯಾಸ ಇದೆಯಾ? ನಿಮ್ಮ ತಾಯಿ? ನೀವು?"

ಊಟ ಬಿಡುವುದು ಅಂದಕೂಡಲೇ ನನ್ನ ಕಿವಿಗೆ ಬೇರೆಯೇ ಕೇಳಿಸಿತು. ಮಗಳಿಗೆ ಹೊಟ್ಟೆಗೆ ಹಾಕದ ಮನೆ ಅನ್ನುತ್ತಿದ್ದಾರೆ ಅಂತ. ಅಪ್ಪ ಎಂಟು ವರ್ಷಕ್ಕೆ ಊಟ ಹುಡುಕಿಕೊಂಡು ಮಠಕ್ಕೆ ನಡೆದು ಬಂದವನು. ಆ ಹಳ್ಳಿಯಿಂದ ಈ ಕುರ್ಚಿಯವರೆಗೆ ಬರಲು ನಮಗೆ ಎರಡು ತಲೆಮಾರು ಹಿಡಿದಿತ್ತು.

"ಅಂಥದ್ದೇನಿಲ್ಲ ಮೇಡಂ. ಹಿಟ್ಟಿನ ಗಿರಣಿ ಇದೆ ನಮ್ದು. ಊಟಕ್ಕೇನು ಕಮ್ಮಿ?"

"ಅದಲ್ಲಮ್ಮ. ಚಿಕ್ಕವಳಿದ್ದಾಗ ದಪ್ಪ ಇದ್ಲಾ? ಯಾರಾದ್ರೂ ಆಡಿಕೊಳ್ತಿದ್ರಾ?"

"ಇಲ್ಲ ಮೇಡಂ."

"ಬೇಗ ಮೈನೆರೆದಳಾ? ಓದಿನಲ್ಲಿ ಯಾರಿಗಾದ್ರೂ ಹೋಲಿಸಿ ಮಾತಾಡೋದು? ಊಟದ ವಿಷಯಕ್ಕೆ ಮನೆಯಲ್ಲಿ ಒತ್ತಾಯ, ಜಗಳ?"

"ಇಲ್ಲ ಮೇಡಂ. ನಮ್ಮನೇಲಿ ಎಲ್ಲಾ ಸರಿಯಾಗಿದೆ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಈ ಪ್ರಶ್ನೆಗಳು ಯಾರ ತಪ್ಪನ್ನೂ ಹುಡುಕಲಿಕ್ಕಲ್ಲ, ಇಂಥವು ನಾಲ್ಕು ಕೂಡಿದ ಕಡೆ ಕೆಲವು ಮಕ್ಕಳು ಈ ಕಾಯಿಲೆಗೆ ಜಾರುತ್ತಾರೆ, ಎಲ್ಲರೂ ಜಾರುವುದಿಲ್ಲ, ಇದು ಹಟವೂ ಅಲ್ಲ ಭಕ್ತಿಯೂ ಅಲ್ಲ, ಕಾಯಿಲೆ ಅಂದರು. ಮನಸ್ಸಿನ ಡಾಕ್ಟರಿಗೆ ತೋರಿಸಬೇಕು, ವಾರವಾರ ಕರೆದುಕೊಂಡು ಬನ್ನಿ, ಅಮ್ಮನನ್ನೂ ಕರೆತನ್ನಿ ಅಂತ ಚೀಟಿ ಬರೆದುಕೊಟ್ಟರು. ನಾನು ಏಳುವಾಗ ಕೊನೆಗೆ ಒಂದು ಕೇಳಿದರು, ಬಹಳ ಸಾದಾ ಪ್ರಶ್ನೆ.

"ಅವಳಿಗೆ ಏನು ತಿನ್ನೋಕೆ ತುಂಬ ಇಷ್ಟ?"

"ಎಲ್ಲಾ ತಿಂತಾಳೆ ಮೇಡಂ" ಅಂದೆ.

ಹೊರಗೆ ಬೆಂಚಿನಲ್ಲಿ ಅಪ್ಪ ಅವ್ವ ಕಾಯುತ್ತಿದ್ದರು. ಒಂಟಿಕೊಪ್ಪಲಿನ ಒಂದು ಮನೆಯವರು ಮುಂದಿನ ವಾರ ನನ್ನನ್ನು ನೋಡಲು ಬರುವವರಿದ್ದರು. ತಂಗಿಯನ್ನು ಮನಸ್ಸಿನ ಡಾಕ್ಟರಿಗೆ ತೋರಿಸುತ್ತಾರೆಂದು ಗೊತ್ತಾದರೆ ಹುಚ್ಚಿನ ಮನೆತನ ಅನ್ನುತ್ತಿದ್ದರು. ಇದನ್ನು ನಾನು ಬೇರೆಯವರ ಮೇಲೆ ಹಾಕುವುದಿಲ್ಲ. ಆ ಕ್ಷಣ ನನ್ನ ತಲೆಗೆ ಬಂದದ್ದು ಅದೇ.

"ರಕ್ತ ಕಮ್ಮಿಯಂತೆ. ಟಾನಿಕ್ ಬರ್ಕೊಟ್ಟವ್ರೆ."

ಅವ್ವ ಕೈಮುಗಿದಳು. ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಕಾರ್ತಿಕ ಸೋಮವಾರದ ಬೆಳಿಗ್ಗೆ ದಾಕ್ಷಿ ಸ್ನಾನ ಮಾಡಿ ಪೂಜೆಗೆ ಕೂತಳು. ಗಿರಣಿ ಓಡುತ್ತಿತ್ತು. ನಾನು ತಿಂಡಿ ತಿಂದು ತಟ್ಟೆ ತೊಳೆದು ಕುಡಿದು ಶಾಲೆಗೆ ಹೊರಟೆ. ಹೋಗುವಾಗ ಅವಳ ಬೆನ್ನು ಕಂಡಿತು. ಅವ್ವ ಒಂದು ಸಲ ಇಣುಕಿ ನೋಡಿದಳಂತೆ. ಗೋಡೆಗೆ ಒರಗಿಕೊಂಡು ಕಣ್ಣು ಮುಚ್ಚಿ ಕೂತಿದ್ದಳಂತೆ. ಇವತ್ತು ಮನಸ್ಸು ಚೆನ್ನಾಗಿ ನಿಂತಿದೆ ಅಂದುಕೊಂಡು, ಸದ್ದಾಗಬಾರದೆಂದು ಬಾಗಿಲು ಮುಂದೆ ಮಾಡಿದಳಂತೆ. ಅಪ್ಪ ಊಟಕ್ಕೆಂದು ಗಿರಣಿ ನಿಲ್ಲಿಸಿದಾಗ, ಮನೆ ನಿಶ್ಶಬ್ದವಾದಾಗ, ಇನ್ನೂ ಎದ್ದಿಲ್ಲವಾ ಅಂತ ಕೇಳಿದ. ಅಷ್ಟು ಹೊತ್ತು ಯಾರೂ ಎಬ್ಬಿಸಿರಲಿಲ್ಲ. ಪೂಜೆಯಿಂದ ಎಬ್ಬಿಸಬಾರದಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ದಾಕ್ಷಿ ಕೂತೇ ಇದ್ದಳು.

ಹನ್ನೊಂದನೆಯ ದಿನ ಎಡೆ ಇಡಬೇಕು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ಅವರ ಮುಂದೆ ಇಡುವುದು. ಗಿರಣಿ ಅಷ್ಟು ದಿನವೂ ಮುಚ್ಚಿತ್ತು. ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಮಹದೇವಮ್ಮತ್ತೆ ಒಲೆ ಮುಂದೆ ನಿಂತು, ಅತ್ತು ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ಕೇಳಿದಳು:

"ಮಗೀಗೆ ಏನಿಷ್ಟ ಇತ್ತು ಅಂತ ಹೇಳ್ರವ್ವ. ಎಡೆಗೆ ಮಾಡ್ಬೇಕು."

ಮೂರು ವರ್ಷದಿಂದ ಅವಳು ಇದು ಬೇಕು ಅಂತ ಕೇಳಿದ್ದಿಲ್ಲ. ಅಪ್ಪ ನನ್ನ ಮುಖ ನೋಡಿದ, ಅವ್ವ ನೋಡಿದಳು, ಆಸ್ಪತ್ರೆಯ ಬೆಂಚಿನಲ್ಲಿ ನೋಡಿದ ಹಾಗೇ. ನಾನು ಓದಿದವಳು, ಉತ್ತರ ಹೇಳುವವಳು. ಹೋಳಿಗೆ ಅಂದಿದ್ದರೆ ನಂಬುತ್ತಿದ್ದರು.

"ನಂಗೊತ್ತಿಲ್ಲ ಅತ್ತೆ" ಅಂದೆ. "ಡಾಕ್ಟ್ರೂ ಇದನ್ನೇ ಕೇಳಿದ್ರು. ಆವತ್ತು ಸುಳ್ಳು ಹೇಳ್ಬುಟ್ಟೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಪರ್ಸಿನಿಂದ ಚೀಟಿ ತೆಗೆದು ಅಪ್ಪನ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿತ್ತು, ಅವನಿಗೆ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ಹಿಡಿದುಕೊಂಡು ನೋಡಿದ. ನನ್ನನ್ನು ಬೈಯಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದವಳು, ಇದ್ದಕ್ಕಿದ್ದಂತೆ ಎದ್ದು, ಗಿರಣಿಯ ಬಾಗಿಲು ತೆಗೆದು, ಡಬ್ಬಿಯಿಂದ ಒಂದು ಬೊಗಸೆ ಹುರಿಗಡಲೆ ಹಿಟ್ಟು ತಂದು ಎಲೆಯ ಮೇಲೆ ಹಾಕಿದಳು. ಹಾಕಿ, ಅದನ್ನು ಮುಟ್ಟಿ ನೋಡಿದಳು.

"ಆರೋಗದೆ" ಅಂದಳು. "ಅವ್ಳು ಇಂಗಿದ್ರೆ ತಿನ್ನಲ್ಲ." ದಾಕ್ಷಿ ಆ ಮಾತನ್ನು ನನಗೇ ಹೇಳಿದ್ದಳು, ನನಗೆ ನೆನಪೇ ಬಂದಿರಲಿಲ್ಲ.

ಅಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ. ಸೂತಕ ಕಳೆಯದೆ ಗಿರಣಿ ಓಡಿಸಬಾರದೆಂದು ಅತ್ತೆ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಗಿರಣಿಗೆ ಹುರಿಗಡಲೆ ಸುರಿದ, ಸ್ವಿಚ್ಚು ಬಿತ್ತು, ಬೆಲ್ಟು ತಿರುಗಿತು, ಹನ್ನೊಂದು ದಿನ ಸುಮ್ಮನಿದ್ದ ಗೋಡೆ ಅದುರತೊಡಗಿತು. ದೇವರ ಗೂಡಿನ ದೀಪ ಅಲ್ಲಾಡಿತು. ಅಪ್ಪ ಬಟ್ಟೆಯ ತೋಳಿನ ಕೆಳಗೆ ತನ್ನ ಎರಡೂ ಅಂಗೈ ಹಿಡಿದು ನಿಂತ. ತುಂಬಿದ ಮೇಲೆ, ಆರಿಹೋಗುವ ಮುಂಚೆ ಅವಳ ಎಲೆಗೆ ತಲುಪಿಸಬೇಕೆಂದು, ನಮ್ಮನ್ನೆಲ್ಲ ದಾಟಿಕೊಂಡು ಓಡಿಬಂದ.